ನಾಡಿಯು ತಾಳ ತಪ್ಪಿದಾಗ

ಕಳೆದ ಐದು ತಿಂಗಳುಗಳಿಂದ ಈ ಪುಟದಲ್ಲಿ ನನ್ನ ಬರೆಹವು ಕಾಣಿಸಿಕೊಳ್ಳಲಿಲ್ಲ. ಸಂಪಾದಕರು ಎರಡು ಸಲ ಕಾಗದ ಬರೆದು ವಿಚಾರಿಸಿದರು. ಎರಡು ಸಲವೂ ನಾನು “ದೇಹಸ್ಥಿತಿಯು ನೆಟ್ಟಗಿಲ್ಲ” ಎಂದಷ್ಟೇ ಉತ್ತರವನ್ನು ಕೊಟ್ಟೆನು. ಅದು ಅರ್ಧ ನಿಜ. ದೇಹವು ಕೆಟ್ಟಿದ್ದುದು ಕೆಲವು ಗಂಟೆಗಳ ಮಟ್ಟಿಗೆ, ಮನಸ್ಸು ಕೆಟ್ಟಿದ್ದುದು ತಿಂಗಳುಗಟ್ಟಲೆ. ಮೂವತ್ತನಾಲ್ಕು ವರ್ಷ ಹುಡುಗರಿಂದ ಧೈರ್ಯದ ಸುಭಾಷಿತಗಳನ್ನು ಬಾಯಿಪಾಠ ಮಾಡಿಸಿದವನು, ತನ್ನ ಸರದಿ ಬಂದಾಗ ಅಂಜಿ ಮೂಲೆ ಹಿಡಿದನೆಂದು ಹೇಳಿಕೊಳ್ಳುವುದು ಸುಲಭವಲ್ಲ. ಆದರೆ ಇದೇ ವ್ಯಾಧಿಯನ್ನೂ ಇದೇ ಅಂಜಿಕೆಯನ್ನೂ ಮುಚ್ಚಿಟ್ಟುಕೊಂಡಿರುವ ಮನೆಗಳು ನನ್ನ ಪರಿಚಯದಲ್ಲಿಯೇ ನಾಲ್ಕೈದು ಇರುವುವೆಂದು ಈಚೆಗೆ ತಿಳಿಯಿತು. ಆದುದರಿಂದ ನಡೆದುದನ್ನು ನಡೆದಂತೆಯೇ ಬರೆಯುತ್ತೇನೆ.

ಮಾಘಮಾಸದ ಒಂದು ಮುಂಜಾನೆ. ಸ್ನಾನವನ್ನು ಮುಗಿಸಿ, ಒಗೆದ ಪಂಚೆಯನ್ನು ಹರವುವುದಕ್ಕೆಂದು ಮಹಡಿಯ ಮೆಟ್ಟಿಲನ್ನು ಹತ್ತುತ್ತಿದ್ದೆನು. ಅರ್ಧ ದಾರಿಯಲ್ಲಿ ಎದೆಯೊಳಗೆ ಏನೋ ಪಟಪಟನೆ ಬಡಿದುಕೊಂಡಿತು. ಕಿಟಕಿಯಿಂದ ಒಳಗೆ ಬಂದ ಗುಬ್ಬಚ್ಚಿಯು ಹೊರಗೆ ಹೋಗುವ ದಾರಿಯನ್ನು ಕಾಣದೆ ಗೋಡೆಯಿಂದ ಗೋಡೆಗೆ ಹಾರುವುದನ್ನು ನೋಡಿದ್ದೀರಷ್ಟೆ, ಹಾಗೆ. ನೋವಿರಲಿಲ್ಲ, ಉಸಿರು ಸ್ವಲ್ಪ ಸಾಲದಾಯಿತು. ಮೆಟ್ಟಿಲಿನ ಮೇಲೆಯೇ ಕುಳಿತು ಮಣಿಕಟ್ಟನ್ನು ಹಿಡಿದು ನೋಡಿದೆನು. ನಾಡಿಯು ಎರಡು ಹೆಜ್ಜೆ ಓಡುವುದು, ಒಂದು ಹೆಜ್ಜೆ ನಿಲ್ಲುವುದು, ಮತ್ತೆ ಮೂರು ಹೆಜ್ಜೆ ಓಡುವುದು. ಲೆಕ್ಕಕ್ಕೆ ಸಿಕ್ಕದ ಓಟ.

ಹತ್ತು ಗಂಟೆಯ ಹೊತ್ತಿಗೆ ಆಸ್ಪತ್ರೆಯಲ್ಲಿದ್ದೆನು. ಇ.ಸಿ.ಜಿ. ತೆಗೆದರು. ವೈದ್ಯೆಯು ನನ್ನ ಶಿಷ್ಯೆಯರ ವಯಸ್ಸಿನ ಹೆಣ್ಣುಮಗಳು. ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು, “ಮೇಷ್ಟ್ರೇ, ಇದಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಹೃದಯದ ಮೇಲಿನ ಕೋಣೆಗಳು ಬಡಿಯುವುದರ ಬದಲು ನಡುಗುತ್ತಿವೆ. ನಿಮಿಷಕ್ಕೆ ೧೩೦ರ ಮೇಲಿದೆ. ಹೆದರಬೇಡಿ,” ಎಂದಳು. ಹೆದರಬೇಡಿರೆಂಬ ಮಾತಿನಿಂದಲೇ ಹೆದರಿಕೆಯು ಪ್ರಾರಂಭವಾಗುವುದೆಂಬುದನ್ನು ಅಲ್ಲಿಯವರೆಗೆ ನಾನು ಅರಿತಿರಲಿಲ್ಲ. ಔಷಧವನ್ನು ಕೊಟ್ಟು ಒಂದು ರಾತ್ರಿ ಅಲ್ಲಿಯೇ ಇಟ್ಟುಕೊಂಡರು. ಸಂಜೆ ಏಳರ ವೇಳೆಗೆ ನಾಡಿಯು ತಾನಾಗಿಯೇ ಹಳೆಯ ತಾಳಕ್ಕೆ ಬಂದಿತು. ಮರುದಿನ ಮನೆಗೆ ಕಳುಹಿಸಿದರು. “ಮತ್ತೆ ಬರುವುದೇ?” ಎಂದು ಕೇಳಿದೆನು. “ಬರಬಹುದು. ನಾಳೆ ಬರಬಹುದು, ವರ್ಷವಾದ ಮೇಲೆ ಬರಬಹುದು. ಅದನ್ನು ಖಂಡಿತವಾಗಿ ಹೇಳುವವರು ಯಾರೂ ಇಲ್ಲ,” ಎಂದಳು.

ಆ ರಾತ್ರಿ ನಿದ್ರೆಯು ಬರಲಿಲ್ಲ. ಸಂಸ್ಕೃತವನ್ನು ಓದಿಕೊಂಡವನಿಗೆ ಒಂದು ಅನನುಕೂಲವುಂಟು. ಶಾರ್ಙ್ಗಧರ ಸಂಹಿತೆಯಲ್ಲಿ ನಾಡೀಪರೀಕ್ಷೆಯ ಪ್ರಕರಣವೊಂದಿದೆ. ನಾಡಿಯು ಹಾವಿನಂತೆ ಹರಿಯುವುದು, ಕಪ್ಪೆಯಂತೆ ಕುಪ್ಪಳಿಸುವುದು, ಹಂಸದಂತೆ ನಡೆಯುವುದು ಮುಂತಾದುದನ್ನು ವಿವರಿಸಿದ ಗ್ರಂಥಕಾರನು ನಿಂತು ನಿಂತು ನಡೆಯುವ ನಾಡಿಯನ್ನು ಪ್ರಾಣಹಾರಿಯೆಂದು ಅಲ್ಲಿ ಎಣಿಸಿದ್ದಾನೆ. ಚಿಕ್ಕಂದಿನಲ್ಲಿ ಓದಿ ಮರೆತಿದ್ದ ಆ ಶ್ಲೋಕವು ರಾತ್ರಿ ಎರಡು ಗಂಟೆಗೆ ಒಂದಕ್ಷರವೂ ತಪ್ಪದೆ ನೆನಪಿಗೆ ಬಂದಿತು. ಪರೀಕ್ಷೆಯಲ್ಲಿ ಬೇಕಾದಾಗ ಬಾರದ ಶ್ಲೋಕಗಳು ಇಂಥ ಹೊತ್ತಿನಲ್ಲಿ ತಪ್ಪದೆ ಬರುವುವು!

ಮುಂದೆ ಹೇಳತಕ್ಕುದಕ್ಕೆ ಮುಂಚೆ ಈ ವ್ಯಾಧಿಯ ಸ್ವರೂಪವನ್ನು ನಾನು ತಿಳಿದುಕೊಂಡ ಮಟ್ಟಿಗೆ ತಿಳಿಸುವುದು ಯುಕ್ತ. ಹೃದಯದಲ್ಲಿ ಮೇಲೆ ಎರಡು, ಕೆಳಗೆ ಎರಡು ಕೋಣೆಗಳಿರುವುದು ಎಲ್ಲರಿಗೂ ಗೊತ್ತು. ಮೇಲಿನವು ಹೃತ್ಕರ್ಣಗಳು, ಕೆಳಗಿನವು ಹೃತ್ಕುಕ್ಷಿಗಳು. ಇದನ್ನೊಂದು ಪಾಠಶಾಲೆಯೆಂದು ಭಾವಿಸಿರಿ. ಬಲಗಡೆಯ ಹೃತ್ಕರ್ಣದ ಮೂಲೆಯಲ್ಲಿ ಘಂಟೆ ಬಾರಿಸುವ ಜವಾನನೊಬ್ಬನು ನಿಂತಿದ್ದಾನೆ. ಅವನು ನಿಮಿಷಕ್ಕೆ ಎಪ್ಪತ್ತು ಸಲ ಘಂಟೆ ಬಾರಿಸುವನು, ಒಂದೊಂದು ಸಲ ಬಾರಿಸಿದಾಗಲೂ ಮೇಲಿನ ತರಗತಿಗಳು ಒಮ್ಮೆ ಸಂಕುಚಿಸುವುವು. ಆ ಸಂಜ್ಞೆಯು ನಡುಬಾಗಿಲನ್ನು ದಾಟಿ ಕೆಳಗಿನ ತರಗತಿಗಳಿಗೆ ಹೋಗಿ, ಅವು ರಕ್ತವನ್ನು ದೇಹಕ್ಕೆಲ್ಲ ನೂಕುವುವು. ಹೀಗೆ ಹಗಲಿರುಳೂ ಸುಮಾರು ಒಂದು ಲಕ್ಷ ಸಲ. ಈ ವ್ಯಾಧಿಯಲ್ಲಿ ಆಗುವುದೇನೆಂದರೆ, ಮೇಲಿನ ತರಗತಿಯ ಹುಡುಗರೆಲ್ಲರೂ ಜವಾನನನ್ನು ಲೆಕ್ಕಿಸದೆ ತಮ್ಮ ತಮ್ಮ ತಟ್ಟೆಗಳನ್ನು ಒಟ್ಟಿಗೆ ಬಡಿಯತೊಡಗುವರು. ನಿಮಿಷಕ್ಕೆ ೩೫೦ರಿಂದ ೬೦೦ರ ವರೆಗೆ ಸಂಜ್ಞೆಗಳು ಏಳುವುವು. ನಡುಬಾಗಿಲಿನಲ್ಲಿ ಒಬ್ಬ ಉಪಾಧ್ಯಾಯನು ನಿಂತು ಬಹುಪಾಲನ್ನು ತಡೆಯುತ್ತಾನೆ, ಆದರೂ ಕೆಲವು ಅವನ ಕಣ್ಣು ತಪ್ಪಿಸಿ ನುಸುಳುವುವು. ಅವು ನುಸುಳುವುದಕ್ಕೆ ಕ್ರಮವಿಲ್ಲದ ಕಾರಣ ನಾಡಿಗೂ ಕ್ರಮವಿಲ್ಲ. ಆದರೆ ಕೆಳಗಿನ ಕೋಣೆಗಳು ಕೆಲಸವನ್ನು ಬಿಟ್ಟಿಲ್ಲವೆಂಬುದನ್ನು ಗಮನಿಸಬೇಕು. ನಾಡಿಯು ತಾಳ ತಪ್ಪಿತೇ ಹೊರತು ಹೃದಯವು ನಿಲ್ಲಲಿಲ್ಲ.

ಹಿಂದಿನ ಕಾಲದಲ್ಲಿ ಯೂರೋಪಿನ ವೈದ್ಯರು ಇದನ್ನು ಹೃದಯದ ಉನ್ಮಾದವೆಂದು ಕರೆಯುತ್ತಿದ್ದರು. ಒಳಗೆ ಆಗುತ್ತಿರುವುದೇನೆಂದು ನೋಡುವ ಉಪಾಯವು ಅವರಿಗಿರಲಿಲ್ಲ. ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂತೋವನ್ ಎಂಬ ಪ್ರಾಧ್ಯಾಪಕರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೃದಯದ ವಿದ್ಯುತ್ತನ್ನು ಬರೆದು ತೋರಿಸುವ ಯಂತ್ರವನ್ನು ನಿರ್ಮಿಸಿದರು. ಅದು ಒಂದು ಕೋಣೆಯನ್ನೇ ತುಂಬುವ ಯಂತ್ರ. ರೋಗಿಯು ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕುಳಿತಿರಬೇಕಾಗಿತ್ತು. ಅವರಿಗೆ ೧೯೨೪ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅದೇ ವಿಧವಾದ ಯಂತ್ರದಿಂದ ಲಂಡನ್ನಿನ ಥಾಮಸ್ ಲೂಯಿಸ್ ಎಂಬ ವೈದ್ಯರು ೧೯೦೯ರಲ್ಲಿ, ಈ ಕ್ರಮಗೆಟ್ಟ ನಾಡಿಗೆ ಹೃತ್ಕರ್ಣಗಳ ನಡುಕವೇ ಕಾರಣವೆಂದೂ, ಇದು ಅಪೂರ್ವವಾದ ರೋಗವಲ್ಲ, ಸಾಮಾನ್ಯವಾಗಿ ಕಾಣತಕ್ಕದ್ದೆಂದೂ ತೋರಿಸಿದರು. ಶಾರ್ಙ್ಗಧರನಿಗೆ ಈ ಯಂತ್ರವಿರಲಿಲ್ಲ. ಆತನು ಮರಣಶಯ್ಯೆಯಲ್ಲಿದ್ದವರ ಕೈಯನ್ನು ಹಿಡಿದು ಕಂಡುದನ್ನು ಬರೆದಿರಬೇಕು. ಮೆಟ್ಟಿಲು ಹತ್ತಿ, ಆಸ್ಪತ್ರೆಗೆ ನಡೆದುಹೋಗಿ, ಮರುದಿನ ಇಡ್ಲಿ ತಿಂದವನನ್ನು ಕುರಿತು ಆತನು ಬರೆದನೆಂದು ನಾನು ತಿಳಿದುದು ನನ್ನ ಅವಿವೇಕ, ಗ್ರಂಥಕಾರನ ದೋಷವಲ್ಲ.

ಹಾಗಾದರೆ ಅಪಾಯವೇ ಇಲ್ಲವೇ? ಉಂಟು. ಆದರೆ ಅದು ನಾನು ಹುಡುಕುತ್ತಿದ್ದ ಸ್ಥಳದಲ್ಲಿರಲಿಲ್ಲ. ನಡುಗುವ ಹೃತ್ಕರ್ಣದಲ್ಲಿ ರಕ್ತವು ಸರಿಯಾಗಿ ಹರಿಯದೆ ನಿಲ್ಲುತ್ತದೆ. ವಿಶೇಷವಾಗಿ ಎಡಗಡೆಯ ಹೃತ್ಕರ್ಣಕ್ಕೆ ಅಂಟಿಕೊಂಡಿರುವ ಒಂದು ಸಣ್ಣ ಚೀಲದಲ್ಲಿ ಹೆಪ್ಪುಗಟ್ಟುವ ಸಂಭವವುಂಟು. ಆ ಹೆಪ್ಪಿನ ತುಣುಕು ಕಳಚಿ ರಕ್ತದೊಂದಿಗೆ ಹೋಗಿ ಮೆದುಳಿನ ನಾಳದಲ್ಲಿ ಸಿಕ್ಕಿಕೊಂಡರೆ ಪಾರ್ಶ್ವವಾಯು. ಅಮೆರಿಕಾ ದೇಶದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ೧೯೪೮ರಿಂದ ಪೀಳಿಗೆಯಿಂದ ಪೀಳಿಗೆಗೆ ಪರೀಕ್ಷಿಸುತ್ತ ಬಂದ ವೈದ್ಯರು, ಈ ವ್ಯಾಧಿಯುಳ್ಳವರಿಗೆ ಪಾರ್ಶ್ವವಾಯುವಿನ ಸಂಭವವು ಉಳಿದವರಿಗಿಂತ ಸುಮಾರು ಐದು ಪಟ್ಟೆಂದು ಕಂಡುಕೊಂಡರು. ಆದರೆ ಎಲ್ಲರಿಗೂ ಒಂದೇ ಸಮನಲ್ಲ. ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ದೌರ್ಬಲ್ಯ, ಹಿಂದೆ ಪಾರ್ಶ್ವವಾಯುವಾಗಿದ್ದುದು ಮೊದಲಾದುವುಗಳಿಗೆ ಅಂಕಗಳನ್ನು ಹಾಕಿ ವೈದ್ಯರು ಲೆಕ್ಕಮಾಡುತ್ತಾರೆ. ನನಗೆ ರಕ್ತದೊತ್ತಡಕ್ಕೆ ಒಂದು, ಸಕ್ಕರೆಗೆ ಒಂದು, ಒಟ್ಟು ಎರಡು ಅಂಕಗಳು ಬಂದುವು. ಜನ್ಮದಲ್ಲಿ ಮೊದಲ ಸಲ ಕಡಮೆ ಅಂಕಗಳಿಗಾಗಿ ಆಸೆಪಟ್ಟೆನು. ಎರಡು ಬಂದುದರಿಂದ ರಕ್ತವನ್ನು ಹೆಪ್ಪುಗಟ್ಟಗೊಡದ ಗುಳಿಗೆಯನ್ನು ಬೆಳಗ್ಗೆ ಒಂದು, ರಾತ್ರಿ ಒಂದರಂತೆ ತಪ್ಪದೆ ತೆಗೆದುಕೊಳ್ಳಬೇಕೆಂದು ಅಪ್ಪಣೆಯಾಯಿತು.

ಇನ್ನು ನನ್ನ ಅಂಜಿಕೆಯ ಚರಿತ್ರೆಯನ್ನು ಹೇಳುತ್ತೇನೆ.

ಮಗನು ಬೆಂಗಳೂರಿನಿಂದ ಒಂದು ಕೈಗಡಿಯಾರವನ್ನು ಕಳುಹಿಸಿದನು. ಅದು ಹೊತ್ತನ್ನು ತೋರಿಸುವುದಲ್ಲದೆ ನಾಡಿಯನ್ನೂ ಎಣಿಸುವುದು, ಕ್ರಮ ತಪ್ಪಿದರೆ ಎಚ್ಚರಿಸುವುದು. ಒಳ್ಳೆಯ ಉದ್ದೇಶದಿಂದಲೇ ಕಳುಹಿಸಿದನು. ಆದರೆ ನಾನು ಆ ಗಡಿಯಾರದ ದಾಸನಾದೆನು. ಎದ್ದರೆ ನೋಡುವುದು, ಕುಳಿತರೆ ನೋಡುವುದು, ಜಪಕ್ಕೆ ಕುಳಿತಾಗ ಮಣಿಯೊಂದು ಕೈಯಲ್ಲಿ, ಕಣ್ಣು ಇನ್ನೊಂದು ಕೈಯ ಮೇಲೆ. ಎಂಬತ್ತು ತೋರಿಸಿದರೆ “ಏತಕ್ಕೆ ಎಂಬತ್ತು?” ಎಂಬ ಚಿಂತೆ. ಆ ಚಿಂತೆಯಿಂದ ತೊಂಬತ್ತು. ತೊಂಬತ್ತನ್ನು ನೋಡಿ ನೂರು. ಭಯವು ಉಂಟಾದೊಡನೆ ದೇಹದಲ್ಲಿ ಒಂದು ರಸವು ಒಸರಿ ಹೃದಯವನ್ನು ಓಡಿಸುವುದೆಂದೂ, ಆ ಓಟವನ್ನು ಕಂಡು ಭಯವು ಇಮ್ಮಡಿಸುವುದೆಂದೂ ವೈದ್ಯೆಯು ಆಮೇಲೆ ತಿಳಿಸಿದಳು. ಆಗ ಅದು ನನಗೆ ತಿಳಿಯದು. ಒಂದು ದಿನ ನನ್ನ ಗೃಹಿಣಿಯು ಅಡಿಗೆಮನೆಯ ಬಾಗಿಲಿನ ಹಿಂದೆ ಸೀಮೆಸುಣ್ಣದ ಗೆರೆಗಳನ್ನು ಎಳೆದಿರುವುದನ್ನು ಕಂಡೆನು. ಹಾಲಿನ ಲೆಕ್ಕವೆಂದು ತಿಳಿದು ಕೇಳಿದರೆ, “ಬೆಳಗಿನಿಂದ ನೀವು ನಾಡಿ ನೋಡಿಕೊಂಡ ಲೆಕ್ಕ. ಇನ್ನೂ ಮಧ್ಯಾಹ್ನದ ಊಟವಾಗಿಲ್ಲ,” ಎಂದಳು. ನಲವತ್ತೊಂದು ಗೆರೆಗಳಿದ್ದುವು.

ಆ ತಿಂಗಳಿನಲ್ಲಿಯೇ ಧಾರವಾಡದಲ್ಲಿರುವ ಮಗಳ ಕೂಸಿಗೆ ನಾಮಕರಣ. ಮನೆಯ ಮೊದಲ ಮೊಮ್ಮಗಳು. ವೈದ್ಯೆಯು ಪ್ರಯಾಣವನ್ನು ನಿಷೇಧಿಸಿರಲಿಲ್ಲ, “ಹೋಗಿಬನ್ನಿ” ಎಂದೇ ಹೇಳಿದ್ದಳು. ಆದರೆ ನಡುರಾತ್ರಿಯಲ್ಲಿ ಬೀರೂರಿನ ಬಳಿಯಲ್ಲೋ ದಾವಣಗೆರೆಯ ಬಳಿಯಲ್ಲೋ ರೈಲಿನಲ್ಲಿ ಗುಬ್ಬಚ್ಚಿಯು ಮತ್ತೆ ಎದ್ದರೆ ಏನು ಗತಿಯೆಂದು ನಾನು ಟಿಕೆಟ್ಟುಗಳನ್ನು ರದ್ದು ಮಾಡಿಸಿದೆನು. ನನ್ನನ್ನು ಒಬ್ಬನನ್ನೇ ಬಿಟ್ಟು ಹೋಗಲೊಲ್ಲದೆ ಗೃಹಿಣಿಯೂ ಉಳಿದಳು. ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರುವುದನ್ನು ಮೊಬೈಲಿನ ಪರದೆಯ ಮೇಲೆ ನೋಡಿದೆವು. ನಡುವೆ ಚಿತ್ರವು ನಿಂತುಹೋಯಿತು. ಆಕೆಯು ಸೆರಗಿನಿಂದ ಕಣ್ಣೊರಸಿಕೊಂಡು ಒಳಗೆ ಹೋದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ದಿನ ನನ್ನ ನಾಡಿಯು ಬೆಳಗಿನಿಂದ ರಾತ್ರಿಯವರೆಗೆ ೭೨ರ ಆಸುಪಾಸಿನಲ್ಲಿಯೇ ಇತ್ತು. ನಾಮಕರಣವು ಮನುಷ್ಯನಿಗೆ ಒಂದೇ ಸಲ ಆಗುವುದು. ಆ ನಷ್ಟವನ್ನು ಮಾಡಿದುದು ವ್ಯಾಧಿಯಲ್ಲ, ನಾನು.

ಇದಕ್ಕಿಂತ ದೊಡ್ಡ ಅವಿವೇಕವು ಮುಂದಿದೆ. ನೆರೆಯವರೊಬ್ಬರು ನೋಡಿಹೋಗುವುದಕ್ಕೆ ಬಂದು, “ರಕ್ತ ತೆಳುವಾಗುವ ಗುಳಿಗೆಯೇ? ಅದು ಇಲಿಪಾಷಾಣ ಸ್ವಾಮಿ! ಗಾಯವಾದರೆ ರಕ್ತ ನಿಲ್ಲದು,” ಎಂದರು. ಅಂದಿನಿಂದ ಕ್ಷೌರ ಮಾಡಿಕೊಳ್ಳುವಾಗ ಕೈ ನಡುಗಿತು. ಹಲ್ಲುಜ್ಜುವಾಗ ಉಗುಳಿನಲ್ಲಿ ಕೆಂಪು ಕಂಡಂತಾಯಿತು. ಯಾರಿಗೂ ಹೇಳದೆ ಗುಳಿಗೆಯನ್ನು ನಿಲ್ಲಿಸಿದೆನು. ದಿನಕ್ಕೆ ಎರಡರಂತೆ ತೆಗೆದು ತುಳಸಿಯ ಕಟ್ಟೆಯ ಹಿಂದೆ ಹುಗಿಯುತ್ತಿದ್ದೆನು, ಕಹಿ ಕಷಾಯವನ್ನು ಚೆಲ್ಲುವ ಹುಡುಗನಂತೆ. ಆರು ದಿನಗಳು ಹೀಗೆ ಕಳೆದುವು. ಏಳನೆಯ ದಿನ ಮೊದಲೇ ನಿಶ್ಚಯವಾಗಿದ್ದ ಪರೀಕ್ಷೆಗೆ ಹೋದಾಗ ವೈದ್ಯೆಯು, “ಗುಳಿಗೆಗಳು ಸರಿಯಾಗಿ ನಡೆಯುತ್ತಿವೆಯೇ?” ಎಂದು ಕೇಳಿದಳು. ಸುಳ್ಳು ಹೇಳುವುದಕ್ಕೆ ನಾಲಗೆಯು ಏಳಲಿಲ್ಲ. ನಿಜವನ್ನು ಹೇಳಿದೆನು.

ಆಕೆಯು ಲೇಖನಿಯನ್ನು ಕೆಳಗಿಟ್ಟು ನನ್ನ ಕೈಯ ಕಡೆಗೆ ನೋಡಿದಳು. ಮಾತಾಡುತ್ತಿರುವಾಗಲೂ ನನ್ನ ಬಲಗೈಯು ಎಡಗೈಯ ಮಣಿಕಟ್ಟನ್ನು ಹಿಡಿದುಕೊಂಡೇ ಇತ್ತು. “ಮೇಷ್ಟ್ರೇ, ನೀವು ಬಿಡಬೇಕಾದುದನ್ನು ಹಿಡಿದುಕೊಂಡಿದ್ದೀರಿ. ಹಿಡಿಯಬೇಕಾದುದನ್ನು ಬಿಟ್ಟಿದ್ದೀರಿ,” ಎಂದಳು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಎರಡು ವಾಕ್ಯಗಳಲ್ಲಿದೆ.

ಇಲಿಪಾಷಾಣದ ಕಥೆಯನ್ನೂ ಆಕೆಯೇ ಬಿಡಿಸಿ ಹೇಳಿದಳು. ಅಮೆರಿಕಾದ ವಿಸ್ಕಾನ್ಸಿನ್ ಪ್ರಾಂತದಲ್ಲಿ ೧೯೩೩ರ ಚಳಿಗಾಲದಲ್ಲಿ ರೈತನೊಬ್ಬನು ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ವಿಶ್ವವಿದ್ಯಾನಿಲಯಕ್ಕೆ ಬಂದನಂತೆ. ಬೂಷ್ಟು ಹಿಡಿದ ಒಂದು ಬಗೆಯ ಹುಲ್ಲನ್ನು ತಿಂದ ಅವನ ದನಗಳು ರಕ್ತ ಸುರಿದು ಸಾಯುತ್ತಿದ್ದುವು. ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞರೂ ಅವರ ಸಹಾಯಕರೂ ವರ್ಷಗಳ ಶ್ರಮದಿಂದ ಅದರ ಕಾರಣವಾದ ವಸ್ತುವನ್ನು ಕಂಡುಹಿಡಿದರು. ಅದರಿಂದ ಹುಟ್ಟಿದ ವಾರ್ಫರಿನ್ ಎಂಬ ಔಷಧವು ೧೯೪೮ರಲ್ಲಿ ಇಲಿಗಳಿಗೂ, ೧೯೫೪ರಲ್ಲಿ ಮನುಷ್ಯರಿಗೂ ಬಳಕೆಗೆ ಬಂದಿತು. ಮರುವರ್ಷವೇ ಅಮೆರಿಕಾದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಅದನ್ನು ಕೊಟ್ಟರು. ಪ್ರಮಾಣವನ್ನರಿತು ಕೊಟ್ಟರೆ ವಿಷವೂ ಅಮೃತವೆಂದು ನಮ್ಮ ವೈದ್ಯಶಾಸ್ತ್ರವು ಹೇಳಿಲ್ಲವೇ? ಈ ಬಗೆಯ ಗುಳಿಗೆಯು ಪಾರ್ಶ್ವವಾಯುವಿನ ಸಂಭವವನ್ನು ಮೂರರಲ್ಲಿ ಎರಡು ಪಾಲಿನಷ್ಟು ತಗ್ಗಿಸುವುದು. ನನಗೆ ಕೊಟ್ಟಿದ್ದುದು ಆ ಹಳೆಯ ಔಷಧವೂ ಅಲ್ಲ. ೨೦೧೦ರಿಂದ ಈಚೆಗೆ ಈ ವ್ಯಾಧಿಗೆ ಬಳಕೆಗೆ ಬಂದ ಹೊಸ ಜಾತಿಯದು. ಹಳೆಯದಕ್ಕೆ ಆಗಾಗ ರಕ್ತಪರೀಕ್ಷೆ ಮಾಡಿಸಿ ಐ.ಎನ್.ಆರ್. ಎಂಬ ಅಂಕವು ಸಾಮಾನ್ಯವಾಗಿ ಎರಡು ಮೂರರ ನಡುವೆ ಇರುವಂತೆ ನೋಡಿಕೊಳ್ಳಬೇಕು, ಸೊಪ್ಪು ತರಕಾರಿಗಳನ್ನು ಒಂದು ದಿನ ಹೆಚ್ಚು ಒಂದು ದಿನ ಕಡಮೆ ಮಾಡದೆ ಸಮನಾಗಿ ತಿನ್ನಬೇಕು. ಹೊಸದಕ್ಕೆ ಈ ಕಟ್ಟುಪಾಡುಗಳಿಲ್ಲ, ಆದರೆ ಹೊತ್ತನ್ನು ತಪ್ಪಿಸಕೂಡದು. ಚಿಕ್ಕಂದಿನಲ್ಲಿ ಕೀಲುವಾತದ ಜ್ವರ ಬಂದು ಹೃದಯದ ಕವಾಟವು ಕಿರಿದಾದವರಿಗೂ ಲೋಹದ ಕವಾಟವನ್ನು ಹಾಕಿಸಿಕೊಂಡವರಿಗೂ ಹಳೆಯ ಔಷಧವೇ ಯೋಗ್ಯವಂತೆ. ಯಾರಿಗೆ ಯಾವುದೆಂಬುದು ವೈದ್ಯರ ವಿವೇಚನೆಗೆ ಸೇರಿದ್ದು, ನೆರೆಯವರ ವಿವೇಚನೆಗಲ್ಲ.

ಅಂದು ಮನೆಗೆ ಬಂದು ಅಮರಕೋಶವನ್ನು ತೆಗೆದೆನು. ಮನಸ್ಸು ಕಲಕಿದಾಗ ಅದರ ಹಾಳೆಗಳನ್ನು ತಿರುವುವುದು ನನ್ನ ಹಳೆಯ ಅಭ್ಯಾಸ. ನಾನಾರ್ಥವರ್ಗದಲ್ಲಿ “ಆತಂಕ” ಎಂಬ ಪದದ ಮೇಲೆ ಕಣ್ಣು ನಿಂತಿತು. ಕನ್ನಡದಲ್ಲಿ ನಾವು ಈ ಪದವನ್ನು ಹೆಚ್ಚಾಗಿ ಕಳವಳವೆಂಬ ಅರ್ಥದಲ್ಲಿ ಬಳಸುತ್ತೇವೆ. ಅಮರಸಿಂಹನಾದರೋ ಅದಕ್ಕೆ ರೋಗ, ತಾಪ, ಶಂಕೆ ಎಂದು ಮೂರು ಅರ್ಥಗಳನ್ನು ಕೊಟ್ಟಿದ್ದಾನೆ. ಮೂವತ್ತನಾಲ್ಕು ವರ್ಷ ಈ ಸಾಲನ್ನು ಪಾಠಹೇಳಿದ್ದೆನು, ಅದು ನನ್ನನ್ನೇ ಕುರಿತದ್ದೆಂದು ತೋರಿರಲಿಲ್ಲ. ಈ ಮೂರನ್ನೂ ಒಂದೇ ಗಂಟಾಗಿ ಕಟ್ಟಿ ತಲೆಯ ಮೇಲೆ ಹೊತ್ತುಕೊಂಡುದೇ ನನ್ನ ತಪ್ಪು. ಬಿಡಿಸಿ ನೋಡಿದರೆ, ರೋಗವು ವೈದ್ಯರ ಪಾಲಿನದು. ಶಂಕೆಯು ನನ್ನ ಪಾಲಿನದು. ತಾಪವೋ, ನನ್ನ ಶಂಕೆಯಿಂದ ಮನೆಯವರು ಬೇಯುತ್ತಿದ್ದ ಬೇಗೆ. ಇದು ವ್ಯಾಖ್ಯಾನಕಾರರ ಮಾತಲ್ಲ, ನನ್ನ ಮಾತು. ಆದರೂ ನನಗೆ ಉಪಯೋಗಕ್ಕೆ ಬಂದಿತು. ಅಂದಿನಿಂದ ನಾನು ನಡೆಸುತ್ತಿರುವ ಕ್ರಮವನ್ನು, ಯಾರಿಗಾದರೂ ನೆರವಾದೀತೆಂದು, ಇಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ, ಗುಳಿಗೆ. ವಾರದ ಏಳು ದಿನಗಳಿಗೂ ಮನೆಗಳಿರುವ ಒಂದು ಪೆಟ್ಟಿಗೆಯನ್ನು ತಂದು, ಭಾನುವಾರ ಸಂಜೆ ತುಂಬಿಡುತ್ತೇನೆ. ಬೆಳಗಿನದನ್ನು ಕಾಫಿಯ ಲೋಟದ ಪಕ್ಕದಲ್ಲಿಯೂ ರಾತ್ರಿಯದನ್ನು ಊಟದ ತಟ್ಟೆಯ ಪಕ್ಕದಲ್ಲಿಯೂ ಇಟ್ಟರೆ ಮರೆಯುವುದಿಲ್ಲ. ಒಮ್ಮೆ ತಪ್ಪಿದರೆ ಮುಂದಿನ ಹೊತ್ತಿಗೆ ಎರಡನ್ನು ಒಟ್ಟಿಗೆ ನುಂಗಬಾರದು, ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ಗುಳಿಗೆ ತಂದು ನುಂಗಬಾರದು. ಅವುಗಳಲ್ಲಿ ಅನೇಕವು ರಕ್ತಸ್ರಾವವನ್ನು ಹೆಚ್ಚಿಸುವುವು. ಹಲ್ಲಿನ ವೈದ್ಯರಿಗೂ ಆಯುರ್ವೇದದ ಪಂಡಿತರಿಗೂ ಈ ಔಷಧದ ಹೆಸರನ್ನು ಮುಂಚೆಯೇ ತಿಳಿಸತಕ್ಕದ್ದು.

ಎರಡನೆಯದು, ನಾಡಿ. ವೈದ್ಯೆಯ ಅನುಮತಿಯಿಂದ ದಿನಕ್ಕೆ ಎರಡೇ ಸಲ, ಬೆಳಗ್ಗೆ ಎದ್ದು ಸ್ವಲ್ಪ ಹೊತ್ತು ಕುಳಿತ ಮೇಲೆ ಮತ್ತು ರಾತ್ರಿ ಮಲಗುವ ಮುಂಚೆ, ಒಂದು ಪೂರ್ತಿ ನಿಮಿಷ ಎಣಿಸಿ ಪುಸ್ತಕದಲ್ಲಿ ಬರೆಯುತ್ತೇನೆ. ಮಗನ ಗಡಿಯಾರವು ಬೀರುವಿನಲ್ಲಿದೆ. ಆ ಯಂತ್ರವು ಕೆಟ್ಟದ್ದಲ್ಲ. ಎಷ್ಟೋ ಜನರಿಗೆ ಅರಿಯದೆ ಇದ್ದ ವ್ಯಾಧಿಯನ್ನು ಅದು ತೋರಿಸಿಕೊಟ್ಟಿದೆ. ನನ್ನಂಥ ಶಂಕಾಳುವಿನ ಕೈಗೆ ಅದು ತಕ್ಕುದಲ್ಲ, ಅಷ್ಟೇ. ಮೊದಲ ವಾರ ಕೈಯು ತಾನಾಗಿಯೇ ಮಣಿಕಟ್ಟಿಗೆ ಹೋಗುತ್ತಿತ್ತು. ಹೋದಾಗಲೆಲ್ಲ ಆ ಕೈಗೆ ಒಂದು ಕೆಲಸವನ್ನು ಕೊಟ್ಟೆನು: ಹುರುಳಿಕಾಯಿ ಬಿಡಿಸುವುದು, ಹೂ ಕಟ್ಟುವುದು, ಹಳೆಯ ಪುಸ್ತಕಗಳಿಗೆ ಹೊದಿಕೆ ಹಾಕುವುದು. ಒಂದು ತಿಂಗಳಲ್ಲಿ ಅಡಿಗೆಮನೆಯ ಬಾಗಿಲಿನ ಗೆರೆಗಳು ಎರಡಕ್ಕೆ ಇಳಿದುವು.

ಮೂರನೆಯದು, ಅಪಾಯದ ಗುರುತುಗಳು. ಯಾವಾಗ ಹೆದರಬೇಕೆಂಬುದು ತಿಳಿಯದಿರುವುದರಿಂದಲೇ ಯಾವಾಗಲೂ ಹೆದರುತ್ತೇವೆ. ಆದುದರಿಂದ ವೈದ್ಯೆಯನ್ನು ಕೇಳಿ ಒಂದು ಕಾಗದದಲ್ಲಿ ಬರೆಸಿಕೊಂಡು ಬೀರುವಿನ ಬಾಗಿಲಿಗೆ ಅಂಟಿಸಿದ್ದೇವೆ. ಮುಖವು ಒಂದು ಕಡೆಗೆ ಜೋತರೆ, ಒಂದು ತೋಳು ಅಥವಾ ಕಾಲಿನ ಬಲವು ಕುಂದಿದರೆ, ಮಾತು ತೊದಲಿದರೆ, ಕಣ್ಣು ಥಟ್ಟನೆ ಮಂಜಾದರೆ, ಗಡಿಯಾರವನ್ನು ನೋಡಿ ಹೊತ್ತನ್ನು ಗುರುತುಹಾಕಿಕೊಂಡು ಒಡನೆಯೇ ೧೦೮ಕ್ಕೆ ಕರೆ ಮಾಡತಕ್ಕದ್ದು. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ರೋಗಿಯು ರಕ್ತ ಹೆಪ್ಪುಗಟ್ಟಗೊಡದ ಗುಳಿಗೆಯನ್ನು ಕಡೆಯದಾಗಿ ಎಷ್ಟು ಹೊತ್ತಿಗೆ ನುಂಗಿದನೆಂಬುದನ್ನೂ ತಪ್ಪದೆ ಹೇಳಬೇಕು. ಎದೆನೋವು, ಮೂರ್ಛೆ, ಉಸಿರುಕಟ್ಟುವಿಕೆ ಇದ್ದರೂ ಕಾಯಬಾರದು. ಕರಿಯ ಮಲ, ರಕ್ತವಾಂತಿ, ತಲೆಗೆ ಪೆಟ್ಟು ಇವುಗಳಿಗೆ, ಪೆಟ್ಟು ಸಣ್ಣದಾಗಿ ತೋರಿದರೂ, ಆಸ್ಪತ್ರೆಗೆ ಹೋಗತಕ್ಕದ್ದು. ಇವಾವುವೂ ಇಲ್ಲದೆ ಬರಿಯ ತಾಳ ತಪ್ಪಿದ್ದರೆ, ಕುಳಿತುಕೊಂಡು, ವೈದ್ಯೆಯು ಹೇಳಿದ ಗುಳಿಗೆಯು ತಪ್ಪಿಲ್ಲವೆಂದು ನೋಡಿಕೊಂಡು, ಆಕೆಯು ನನಗೆಂದು ಬರೆದುಕೊಟ್ಟ ಸಂಖ್ಯೆಗಿಂತ ನಾಡಿಯು ಮೇಲಕ್ಕೆ ಹೋಗಿದ್ದರೆ ಆಕೆಗೆ ತಿಳಿಸುವುದು. ಈ ಕಾಗದವನ್ನು ಅಂಟಿಸಿದ ರಾತ್ರಿ ಗೃಹಿಣಿಯು ಬಹಳ ದಿನಗಳ ಮೇಲೆ ನೆಮ್ಮದಿಯಿಂದ ನಿದ್ರೆಮಾಡಿದಳು.

ನಾಲ್ಕನೆಯದು, ದಿನಚರಿ. ಇದರಲ್ಲಿ ಹೊಸತೇನೂ ಇಲ್ಲ. ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಹಿಡಿತದಲ್ಲಿಡುವುದು, ಉಪ್ಪಿನಕಾಯಿ ಹಪ್ಪಳಗಳನ್ನು ಕಡಮೆ ಮಾಡುವುದು, ಸಂಜೆ ಮುಕ್ಕಾಲು ಗಂಟೆ ನಡೆಯುವುದು, ತೂಕವನ್ನು ಇಳಿಸುವುದು. ಮದ್ಯಪಾನವಿರುವವರು ಅದನ್ನು ಬಿಡುವುದು ಈ ವ್ಯಾಧಿಯಲ್ಲಿ ಬಹಳ ಪ್ರಯೋಜನಕಾರಿ. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ನಿಲ್ಲುವವರು ಅದನ್ನು ವೈದ್ಯರಿಗೆ ಹೇಳಬೇಕು, ಅದಕ್ಕೂ ಈ ನಡುಕಕ್ಕೂ ಸಂಬಂಧವುಂಟು. ನನ್ನ ಎರಡು ಲೋಟ ಕಾಫಿಯನ್ನು ವೈದ್ಯೆಯು ನಿಲ್ಲಿಸಲಿಲ್ಲವೆಂಬುದನ್ನು ಕೃತಜ್ಞತೆಯಿಂದ ಸ್ಮರಿಸುತ್ತೇನೆ.

ಐದನೆಯದು, ಶಂಕೆಗೆ ಒಂದು ಹೊತ್ತು. ಶಂಕೆಯನ್ನು ಓಡಿಸುವುದು ನನ್ನಿಂದಾಗಲಿಲ್ಲ. ಅದಕ್ಕೊಂದು ವೇಳಾಪಟ್ಟಿಯನ್ನು ಹಾಕಿದೆನು. ಸಂಜೆ ಐದರಿಂದ ಐದೂವರೆಯವರೆಗೆ ಕುಳಿತು, ಮನಸ್ಸಿಗೆ ಬಂದ ಕೆಟ್ಟ ಯೋಚನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯುವುದು. ಎಡಕ್ಕೆ ನನ್ನ ಕೈಯಲ್ಲಿರುವುವು, ಬಲಕ್ಕೆ ಇಲ್ಲದವು. ಬೇರೆ ಹೊತ್ತಿನಲ್ಲಿ ಶಂಕೆಯು ಬಂದರೆ, “ಐದು ಗಂಟೆಗೆ ಬಾ” ಎಂದು ಕಳುಹಿಸುವುದು. ನಗಬೇಡಿರಿ, ತರಗತಿಯ ತುಂಟ ಹುಡುಗನಂತೆ ಅದು ಸಾಮಾನ್ಯವಾಗಿ ಮಾತನ್ನು ಕೇಳುತ್ತದೆ. ಯಾರಿಗಾದರೂ ಈ ಉಪಾಯಗಳಿಂದ ಕಳವಳವು ತಗ್ಗದೆ, ನಿದ್ರೆ ಊಟಗಳು ವಾರಗಟ್ಟಲೆ ಕೆಟ್ಟರೆ, ಅದನ್ನು ಹೃದಯದ ವೈದ್ಯರಿಗೆ ಹೇಳಬೇಕು. ಮನೋವೈದ್ಯರ ಬಳಿಗೆ ಹೋಗುವುದಕ್ಕೂ ನಾಚಬಾರದು. ೨೦೨೨ರಿಂದ ಸರ್ಕಾರದವರು ಟೆಲಿ ಮಾನಸ್ ಎಂಬ ದೂರವಾಣಿಯ ಸೇವೆಯನ್ನು ನಡೆಸುತ್ತಿದ್ದಾರೆ. ೧೪೪೧೬ ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು. ಮಣಿಕಟ್ಟಿನ ನಾಡಿಯನ್ನು ತೋರಿಸುವುದಕ್ಕೆ ನಾಚದವನು ಮನಸ್ಸಿನ ನಾಡಿಯನ್ನು ತೋರಿಸುವುದಕ್ಕೇಕೆ ನಾಚಬೇಕು?

ಇಷ್ಟಾದರೂ ಅನಿಶ್ಚಯವು ಹೋಗಲಿಲ್ಲ, ಹೋಗುವುದೂ ಇಲ್ಲ. ಮುಂದೆ ಈ ನಡುಕವು ಹೆಚ್ಚಿದರೆ ತಾಳವನ್ನು ಕಾಯುವ ಬೇರೆ ಗುಳಿಗೆಗಳುಂಟು. ಶ್ವಾಸಕೋಶಗಳಿಂದ ಹೃದಯಕ್ಕೆ ರಕ್ತವನ್ನು ತರುವ ನಾಳಗಳ ಬಾಯಿಯಿಂದಲೇ ಬಹುಮಟ್ಟಿಗೆ ಈ ಗಲಭೆಯು ಏಳುವುದೆಂದು ಫ್ರಾನ್ಸಿನ ಬೋರ್ಡೊ ನಗರದ ವೈದ್ಯರು ೧೯೯೮ರಲ್ಲಿ ತೋರಿಸಿಕೊಟ್ಟ ಮೇಲೆ, ತೊಡೆಯ ನಾಳದ ಮೂಲಕ ತಂತಿಯನ್ನು ಕಳುಹಿಸಿ ಆ ಸ್ಥಳವನ್ನು ಸುಡುವ ಚಿಕಿತ್ಸೆಯೂ ಬಂದಿದೆ. ನನಗೆ ಅದು ಬೇಕಾದೀತೇ ಇಲ್ಲವೇ ಎಂಬುದು ಬಲಗಡೆಯ ಪಟ್ಟಿಯಲ್ಲಿದೆ. ವೈದ್ಯೆಯು ಆರು ತಿಂಗಳಿಗೊಮ್ಮೆ ಅದನ್ನು ಯೋಚಿಸುವಳು. ಪ್ರತಿ ರಾತ್ರಿ ಯೋಚಿಸುವ ಕೆಲಸದಿಂದ ನನಗೆ ಬಿಡುಗಡೆಯಾಗಿದೆ.

ಕಳೆದ ತಿಂಗಳು ಮೊಮ್ಮಗಳ ಅನ್ನಪ್ರಾಶನ. ಈ ಸಲ ಟಿಕೆಟ್ಟನ್ನು ನಾನೇ ತೆಗೆಸಿದೆನು. ಗುಳಿಗೆಯ ಪೆಟ್ಟಿಗೆಯನ್ನು ಕೈಚೀಲದಲ್ಲಿಯೂ ಇ.ಸಿ.ಜಿ.ಯ ಪ್ರತಿಯನ್ನು ಜೇಬಿನಲ್ಲಿಯೂ ಇಟ್ಟುಕೊಂಡು ರಾತ್ರಿಯ ರೈಲನ್ನು ಹತ್ತಿದೆವು. ಬೀರೂರೂ ದಾಟಿತು, ದಾವಣಗೆರೆಯೂ ದಾಟಿತು, ಏನೂ ಆಗಲಿಲ್ಲ. ಆದುದು ಧಾರವಾಡದಲ್ಲಿ, ಮಗಳ ಮನೆಯ ಎರಡನೆಯ ರಾತ್ರಿ, ಎಲ್ಲರೂ ಮಲಗಿದ ಮೇಲೆ. ಗುಬ್ಬಚ್ಚಿಯು ಎದ್ದಿತು. ಭಯವೂ ಎದ್ದಿತು, ಎದ್ದಿಲ್ಲವೆಂದರೆ ಸುಳ್ಳಾದೀತು. ಎದ್ದು ಕುಳಿತೆನು. ಒಂದು ನಿಮಿಷ ಎಣಿಸಿದೆನು: ೧೦೪, ವೈದ್ಯೆಯು ಬರೆದುಕೊಟ್ಟ ಮೇರೆಗೆ ಒಳಗೇ. ರಾತ್ರಿಯ ಗುಳಿಗೆಯ ಮನೆಯು ಬರಿದಾಗಿದೆಯೆಂದು ನೋಡಿದೆನು. ಕನ್ನಡಿಯಲ್ಲಿ ಮುಖವು ನೆಟ್ಟಗಿತ್ತು, ಎರಡು ಕೈಗಳೂ ಸಮನಾಗಿ ಎದ್ದುವು. ಗೃಹಿಣಿಯನ್ನು ಎಬ್ಬಿಸಿ ಹೇಳಿದೆನು. ಹಿಂದೆ ಆಗಿದ್ದರೆ ಮುಚ್ಚಿಡುತ್ತಿದ್ದೆನು, ಇಲ್ಲವೆ ಮನೆಯವರನ್ನೆಲ್ಲ ಎಬ್ಬಿಸುತ್ತಿದ್ದೆನು. ಆಕೆಯು ಒಂದು ಲೋಟ ನೀರು ತಂದುಕೊಟ್ಟು ಪಕ್ಕದಲ್ಲಿ ಕುಳಿತಳು. ತೊಟ್ಟಿಲಿನಲ್ಲಿ ಕೂಸು ಒಮ್ಮೆ ಕುಸುಗುಟ್ಟಿ ಮತ್ತೆ ಮಲಗಿತು. ನಾಲ್ಕು ಗಂಟೆಯ ಹೊತ್ತಿಗೆ ಯಾವಾಗಲೋ ತಾಳವು ಸರಿಹೋಗಿದೆ. ಯಾವಾಗ ಎಂಬುದನ್ನು ನಾನು ನೋಡಲಿಲ್ಲ, ಏಕೆಂದರೆ ಕುರ್ಚಿಯಲ್ಲಿಯೇ ನಿದ್ರೆ ಹತ್ತಿತ್ತು. ಬೆಳಗ್ಗೆ ವೈದ್ಯೆಗೆ ದೂರವಾಣಿಯಲ್ಲಿ ತಿಳಿಸಿದೆನು. “ಪುಸ್ತಕದಲ್ಲಿ ಬರೆದಿಡಿ. ಊಟಕ್ಕೆ ಹೋಗಿ,” ಎಂದಳು. ಹತ್ತು ಗಂಟೆಗೆ ಮೊಮ್ಮಗಳ ಬಾಯಿಗೆ ಪಾಯಸದ ಮೊದಲ ಚಮಚವನ್ನು ನಾನೇ ಇಟ್ಟೆನು. ಅರ್ಧವನ್ನು ನನ್ನ ಅಂಗಿಯ ಮೇಲೆ ಉಗುಳಿದಳು.

ಆದುದರಿಂದ ಈ ವ್ಯಾಧಿಯಿರುವ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನನ್ನ ಪ್ರಾರ್ಥನೆಯು ಇಷ್ಟೇ. ಗುಳಿಗೆಯನ್ನು ಹಿಡಿಯಿರಿ, ಮಣಿಕಟ್ಟನ್ನು ಬಿಡಿರಿ. ಮೊದಲನೆಯದನ್ನು ಆಕೆಯು ಒಂದೇ ದಿನದಲ್ಲಿ ಕಲಿಸಿದಳು, ಎರಡನೆಯದನ್ನು ಕಲಿಯುವುದಕ್ಕೆ ನನಗೆ ಐದು ತಿಂಗಳು ಹಿಡಿಯಿತು. ಇನ್ನೂ ಪೂರ್ತಿಯಾಗಿ ಕಲಿತಿಲ್ಲ. ಈ ಲೇಖನವನ್ನು ಬರೆಯುವಾಗಲೇ ಎರಡು ಸಲ ಕೈಯು ಅತ್ತ ಹೋಯಿತು.

ಎಂಟು ಗಂಟೆ ಹೊಡೆಯುತ್ತಿದೆ. ತಟ್ಟೆ ಹಾಕಿದ ಸದ್ದು ಕೇಳುತ್ತಿದೆ, ಅದರ ಪಕ್ಕದಲ್ಲಿ ಗುಳಿಗೆಯೂ ಇದೆ. ಮುಂದಿನ ತಿಂಗಳು ಮೊದಲಿನಂತೆ ಪದಗಳ ವಿಚಾರವನ್ನು ಬರೆಯುವೆನು.